ಅಣ್ಣಪ್ಪ ಮೇಸ್ತ್ರಿ ಮಂಗಳದ ಬಂಡಿಯಾದ ವರ್ಷ

ಹೊರನಾಡಿನಿಂದ ವಾಪಸು ಬರುವಾಗ ಬಸ್ಸಿನ ಕಿಟಕಿ ತೆಗೆದದ್ದು ಹೆಂಡತಿಗಾಗಿ. ತಿರುವು ರಸ್ತೆಯಲ್ಲಿ ಅವಳಿಗೆ ಹೊಟ್ಟೆ ತೊಳಸುತ್ತದೆ. ಕಳಸ ದಾಟಿ ಸುಮಾರು ಹೊತ್ತಾಗಿತ್ತು. ಬಾಳೂರು ಹತ್ತಿರವಾಗುತ್ತಿದ್ದಂತೆ ಗಾಳಿಯ ಜೊತೆ ಪಲ್ಪರ್ ಸಿಪ್ಪೆಯ ವಾಸನೆ ಒಳಗೆ ನುಗ್ಗಿತು. ಕಾಫಿ ಹಣ್ಣನ್ನು ಯಂತ್ರಕ್ಕೆ ಹಾಕಿ ಬೀಜ ಬಿಡಿಸಿದ ಮೇಲೆ ಉಳಿಯುವ ಕೆಂಪು ಸಿಪ್ಪೆಯನ್ನು ತೋಟದ ಮೂಲೆಯಲ್ಲಿ ರಾಶಿ ಹಾಕುತ್ತಾರೆ. ಎರಡು ದಿನದಲ್ಲಿ ಅದು ಹುಳಿತು ನಾರತೊಡಗುತ್ತದೆ. ಕಾಫಿ ಸೀಮೆ ಎಂದರೆ ಊರು ತುಂಬ ಡಿಕಾಕ್ಷನ್ನಿನ ಘಮ ಎಂದು ನಂಬಿರುವವರನ್ನೆಲ್ಲ ಕೊಯ್ಲಿನ ತಿಂಗಳಲ್ಲಿ ಒಂದು ದಿನ ಇಲ್ಲಿ ತಂದು ನಿಲ್ಲಿಸಬೇಕು. ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಎದ್ದು ನಿಂತು ಕಂಡಕ್ಟರಿಗೆ ಇಲ್ಲೇ ಇಳಿಯುತ್ತೇನೆ ಎಂದೆ.

ಹೆಂಡತಿ ಯಾಕೆ ಎಂದು ಕೇಳಲಿಲ್ಲ. ಈ ದಾರಿಯಲ್ಲಿ ಬಂದಾಗಲೆಲ್ಲ ನಾನು ಇಳಿಯುತ್ತೇನೆ ಎನ್ನುವುದು, ಇಳಿಯದೆ ಹೋಗುವುದು, ಮೂರು ವರ್ಷದಿಂದ ನಡೆದಿದೆ. ತಾನು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಕಾಯುತ್ತೇನೆ, ಹಿಂದಿನ ಬಸ್ಸಿಗೆ ಬನ್ನಿ ಎಂದಳು. ಇಲ್ಲಿ ಒಂದು ತೋಟದ ಲೈನ್ ಮನೆಯಲ್ಲಿ, ಎಂದರೆ ಕೆಲಸದವರಿಗೆ ಸಾಲಾಗಿ ಕಟ್ಟಿಸಿಕೊಟ್ಟ ಮನೆಗಳಲ್ಲಿ ಒಂದರಲ್ಲಿ, ಗಿರಿಜಮ್ಮ ಇದ್ದಾರೆ. ಅವರ ಗಂಡ ಅಣ್ಣಪ್ಪ ಮೇಸ್ತ್ರಿ ಸತ್ತದ್ದು ಹೇಗೆ ಎನ್ನುವುದರಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತು. ಅದನ್ನು ಅವರಿಗೆ ಹೇಳಬೇಕಿತ್ತು. ಎಷ್ಟು ದಿನವೆಂದು ಮನುಷ್ಯ ಬಸ್ಸಿನಲ್ಲೇ ಕೂತಿರುವುದು?

ನಾನು ಚಳ್ಳಕೆರೆ ಕಡೆಯವನು. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ವಿಜ್ಞಾನ ಶಿಕ್ಷಕನಾಗಿ ಮೊದಲ ನೇಮಕವೇ ಬಾಳೂರಿನ ಆಚೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಆಯಿತು. ಶಾಲೆಯ ಹೆಸರು ಹೇಳುವುದಿಲ್ಲ, ಅದರದ್ದೇನೂ ತಪ್ಪಿಲ್ಲ. ಜೂನಿನಲ್ಲಿ ಬಂದವನಿಗೆ ಸೆಪ್ಟೆಂಬರ್ ತನಕ ಎದುರಿನ ಗುಡ್ಡವಿದೆ ಎಂಬುದೇ ಗೊತ್ತಾಗಿರಲಿಲ್ಲ, ಅಷ್ಟು ಮಂಜು. ಹಾಸಿಗೆ, ಪುಸ್ತಕ, ಒಳಗಿನ ಬನಿಯನ್ನು ಎಲ್ಲಕ್ಕೂ ಬೂಷ್ಟು ಹಿಡಿಯಿತು. ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳನ್ನು ಕಿತ್ತು ಕಿತ್ತು ಬೆರಳ ತುದಿ ಜಿಗುಟಾಯಿತು. ಮಕ್ಕಳು ಮಾತ್ರ ಒಳ್ಳೆಯವರು. ಎರಡನೆಯ ವರ್ಷಕ್ಕೆ ನನಗೂ ಸ್ವಲ್ಪ ಒಗ್ಗಿತ್ತು. ನಾನೂ ಇಲ್ಲಿಯವನೇ ಆದೆ ಎಂಬ ಭ್ರಮೆಯೂ ಬಂದಿತ್ತು.

ಆ ಎರಡನೆಯ ವರ್ಷದ ಕಥೆ ಇದು. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎಲ್ಲ ಶಾಲೆಗಳೂ ಮಳೆನೀರು ಕೊಯ್ಲು, ಗೋಬರ್ ಗ್ಯಾಸು ಎಂದು ಅದದೇ ಮಾದರಿ ಮಾಡಿಕೊಂಡು ಬರುತ್ತಿದ್ದವು. ನನಗೆ ರೇಗಿಹೋಗಿತ್ತು. ನಾವು ಮಂಗಳ ಗ್ರಹ ಮಾಡೋಣ ಎಂದೆ. ಅಲ್ಲಿ ಜೀವ ಬದುಕಬಲ್ಲುದೇ ಎಂಬುದೇ ನಮ್ಮ ವಿಷಯ. ನಿಜ ಹೇಳಬೇಕೆಂದರೆ ಇದು ಮಕ್ಕಳ ಆಸೆಯಲ್ಲ, ನನ್ನ ಹುಚ್ಚು. ಮಂಗಳದ ನೆಲದಲ್ಲಿ ಓಡಾಡುವ ಬಂಡಿಗಳು ಕಳಿಸಿದ ಚಿತ್ರಗಳು ನನ್ನ ಫೋನಿನ ತುಂಬ ಇದ್ದವು. ಕೆಂಪು ನೆಲ, ಒಣಗಿದ ನದಿಯ ಗುರುತು, ಬಂಡಿಯ ಚಕ್ರ ಎಳೆದ ಗೆರೆ. ಬಯಲುಸೀಮೆಯವನಿಗೆ ಅದು ತನ್ನೂರೇ ಅನ್ನಿಸಿದರೆ ಆಶ್ಚರ್ಯವಿಲ್ಲ.

ಹತ್ತನೇ ತರಗತಿಗೆ ವಿವರಿಸಿದೆ. ಅಲ್ಲಿಯ ಗಾಳಿ ನಮ್ಮ ಗಾಳಿಯ ನೂರರಲ್ಲಿ ಒಂದು ಪಾಲಿನಷ್ಟೂ ದಟ್ಟವಿಲ್ಲ, ಇರುವುದರಲ್ಲೂ ಉಸಿರಾಡುವ ಗಾಳಿ ಇಲ್ಲವೇ ಇಲ್ಲ ಎನ್ನಬೇಕು. ನೀರು ಹನಿಯಾಗಿ ನಿಲ್ಲುವುದಿಲ್ಲ, ಒಂದೋ ಮಂಜುಗಡ್ಡೆ, ಇಲ್ಲವೇ ಆವಿ. ಬಿಸಿಲಿನಲ್ಲಿರುವ ಕೆಟ್ಟ ಕಿರಣಗಳನ್ನು ತಡೆಯುವ ಹೊದಿಕೆ ಇಲ್ಲ. ಆದರೂ ಒಂದು ಕಾಲಕ್ಕೆ ಅಲ್ಲಿ ನೀರು ಹರಿದಿದೆ, ಆಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇನಾದರೂ ಇದ್ದವೋ ಎಂದು ಬಂಡಿಗಳು ಕಲ್ಲು ಕೊರೆದು ನೋಡುತ್ತಿವೆ. ಇಷ್ಟು ಹೇಳಿ ಪ್ರಶ್ನೆ ಕೇಳಿ ಎಂದರೆ ಹಿಂದಿನ ಬೆಂಚಿನಿಂದ ಬಂದದ್ದು, ಅಲ್ಲಿ ಇಂಬಳ ಇದೆಯಾ ಎಂಬ ಪ್ರಶ್ನೆ. ಇಲ್ಲ ಎಂದೆ. ಹಾಗಾದರೆ ಧಾರಾಳವಾಗಿ ಬದುಕಬಹುದು ಎಂದು ತರಗತಿ ತೀರ್ಮಾನ ಕೊಟ್ಟಿತು.

ಚೈತ್ರಾ ತರಗತಿಯಲ್ಲಿ ಏನೂ ಕೇಳಲಿಲ್ಲ. ಅವಳು ಅಣ್ಣಪ್ಪ ಮೇಸ್ತ್ರಿಯ ಮಗಳು, ಎದುರು ಗುಡ್ಡದ ತೋಟದ ಲೈನಿನಿಂದ ಬರುವವಳು. ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಆ ಬಂಡಿ ಅಲ್ಲಿ ಹೊಂಡಕ್ಕೆ ಬಿದ್ರೆ ನಮಗೆ ಯಾವಾಗ ಗೊತ್ತಾಗ್ತದೆ?" ಎಂದಳು. ನಾನು ಖುಷಿಯಿಂದ ಕುರ್ಚಿ ಬಿಟ್ಟು ಎದ್ದೆ. ಅಲ್ಲಿಂದ ಸಂದೇಶ ಇಲ್ಲಿಗೆ ಬರಲು ಹತ್ತಿರವಿದ್ದಾಗ ಮೂರು ನಿಮಿಷ, ದೂರವಿದ್ದಾಗ ಇಪ್ಪತ್ತೆರಡು ನಿಮಿಷ ಬೇಕು. ನಮಗೆ ಹೊಂಡ ಕಾಣುವ ಹೊತ್ತಿಗೆ ಬಂಡಿ ಅದರೊಳಗೆ ಬಿದ್ದು ಆಗಿರಬಹುದು. ನಾವು ನಿಲ್ಲು ಎಂದು ಹೇಳಿ ಕಳಿಸಿದ ಮಾತು ಹೋಗಿ ಮುಟ್ಟಲು ಮತ್ತೆ ಅಷ್ಟೇ ಹೊತ್ತು. ಅದಕ್ಕೇ ಬಂಡಿಗೆ ಹೆಜ್ಜೆಹೆಜ್ಜೆಗೂ ಇಲ್ಲಿಂದ ಹೇಳಲಾಗುವುದಿಲ್ಲ, ದಾರಿ ನೋಡಿಕೊಳ್ಳುವ ಬುದ್ಧಿಯನ್ನು ಅದಕ್ಕೇ ಕಲಿಸಿ ಕಳಿಸಿರುತ್ತಾರೆ. ಇದನ್ನು ಹೇಳುತ್ತಿದ್ದಂತೆ ನಮ್ಮ ಮಾದರಿ ಏನೆಂಬುದು ನನಗೆ ಹೊಳೆಯಿತು.

ಅದೊಂದು ಆಟ. ಆಟದ ಬಯಲಿನಲ್ಲಿ ಒಬ್ಬನಿಗೆ ಕಣ್ಣು ಕಟ್ಟಿ ಕೈಗೆ ಕೋಲು ಕೊಡುವುದು, ಅವನೇ ಬಂಡಿ. ಅವನ ಪಕ್ಕದಲ್ಲಿ ಕ್ಯಾಮೆರಾ ಆದವನು ಎದುರಿಗೆ ಏನಿದೆ ಎಂದು ಚೀಟಿ ಬರೆಯಬೇಕು. ಚೀಟಿ ಜಗಲಿಗೆ ಬಂದ ಮೇಲೆ ಅಲ್ಲಿರುವವನು ಹದಿಮೂರರ ಮಗ್ಗಿ ಪೂರ್ತಿ ಹೇಳಿ ಆಮೇಲೆ ಒಳಗೆ ಕೊಡಬೇಕು. ಒಳಗಿರುವವರು ಓದಿ ಎಡಕ್ಕೆ, ಬಲಕ್ಕೆ, ನಿಲ್ಲು ಎಂದು ಬರೆದು ಕೊಟ್ಟ ಚೀಟಿಗೂ ಮತ್ತೊಂದು ಸಲ ಹದಿಮೂರರ ಮಗ್ಗಿ. ಮಗ್ಗಿ ಹೇಳುವವನು ಹದಿಮೂರೇಳು ಎಷ್ಟೆಂದು ತಡವರಿಸುತ್ತಿರುವಾಗ ಬಂಡಿ ಚರಂಡಿಯಲ್ಲಿರುತ್ತಿತ್ತು. "ಮುಂದೆ ಚರಂಡಿ" ಎಂಬ ಚೀಟಿ ಒಳಗೆ ಬರುವ ಹೊತ್ತಿಗೆ ಬಂಡಿ ಚಡ್ಡಿಯ ಕೆಸರು ಒರೆಸಿಕೊಳ್ಳುತ್ತಿತ್ತು. ಮೂರು ವಾರ ಇಡೀ ಶಾಲೆ ಇದೇ ಆಟ ಆಡಿತು. ಆ ತಿಂಗಳು ಹದಿಮೂರರ ಮಗ್ಗಿ ಬಾರದ ಒಂದು ಮಗುವೂ ನಮ್ಮಲ್ಲಿರಲಿಲ್ಲ.

ಸಂಜೆ ನಾಲ್ಕೂವರೆಗೆ ಅಣ್ಣಪ್ಪ ಮೇಸ್ತ್ರಿ ಬರುತ್ತಿದ್ದರು. ನಲವತ್ತೈದರ ಆಸುಪಾಸಿನ, ತೆಳ್ಳಗಿನ ಆಳು. ತಲೆಗೆ ಟವೆಲು, ಬೆನ್ನಿನ ಕಡೆ ಅಂಗಿಯ ಕಾಲರಿಗೆ ಸಿಕ್ಕಿಸಿದ ಕೊಡೆ. ತೋಟದಲ್ಲಿ ಮೂವತ್ತು ನಲವತ್ತು ಆಳುಗಳಿಗೆ ಕೆಲಸ ಹಂಚುವ ಮನುಷ್ಯ, ಶಾಲೆಗೆ ಬಂದರೆ ಮಾತ್ರ ಕಾಂಪೌಂಡಿನಿಂದ ಒಳಗೆ ಬರುತ್ತಿರಲಿಲ್ಲ. ಚೈತ್ರಾಳನ್ನೂ ಲೈನಿನ ಇನ್ನು ಮೂರು ಮಕ್ಕಳನ್ನೂ ಕರೆದುಕೊಂಡು ಹೋಗುವುದು ಅವರ ಪಾಲಿನ ಕೆಲಸ. ಕಾರಣ ಆನೆ. ಶಾಲೆಯ ಕೆಳಗೆ ಹಳ್ಳ, ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಹಾಕಿ ಮಾಡಿದ ಸಂಕ, ಆಚೆ ಕಾಫಿ ತೋಟದ ನಡುವೆ ಏರುವ ದಾರಿ. ಆ ಹಳ್ಳದ ಗುಂಟ ಆನೆಗಳ ಓಡಾಟ. ಸಂಕದ ಹತ್ತಿರ ಬಂದಾಗಲೆಲ್ಲ ಅಣ್ಣಪ್ಪ ನಿಲ್ಲುತ್ತಿದ್ದರು. ಕಿವಿ ಕೊಟ್ಟು ಕೇಳಿ, ಮೂಗು ಮೇಲೆತ್ತಿ ಗಾಳಿ ಮೂಸಿ, ಆಮೇಲೆ ದಾಟುವುದು. ಮಕ್ಕಳು ಒಬ್ಬರ ಚೀಲ ಒಬ್ಬರು ಹಿಡಿದುಕೊಂಡು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನೊಮ್ಮೆ ಜೊತೆಗೆ ಹೋದಾಗ ಅವಸರಪಟ್ಟು ಮುಂದೆ ಹೆಜ್ಜೆ ಇಟ್ಟೆ. ಮಾತಿಲ್ಲದೆ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದಿದ್ದರು. ಆಮೇಲೆ ಮೇಷ್ಟ್ರನ್ನು ಮುಟ್ಟಿಬಿಟ್ಟೆ ಎಂದು ಅವರಿಗೇ ನಾಚಿಕೆ.

ಆಟ ನೋಡುತ್ತಾ ಕಾಂಪೌಂಡಿನ ಆಚೆ ನಿಂತು ಅವರು ನಗುತ್ತಿದ್ದರು. ಒಂದು ದಿನ ಮಕ್ಕಳೇ ಎಳೆದು ತಂದು ಟವೆಲಿನಲ್ಲಿ ಕಣ್ಣು ಕಟ್ಟಿದರು. ಅಣ್ಣಪ್ಪ ಮೇಸ್ತ್ರಿ ಬಂಡಿಯಾದರು. ನಾಲ್ಕು ಹೆಜ್ಜೆ ಹೋಗಿ ನಿಂತವರು ಕದಲಲೇ ಇಲ್ಲ. ಚೀಟಿ ಬರುವ ತನಕ ಕೋಲೂರಿ ನಿಲ್ಲುವುದು, ಬಂದಷ್ಟು ನಡೆಯುವುದು, ಮತ್ತೆ ನಿಲ್ಲುವುದು. ಮಕ್ಕಳಿಗೆ ಬೇಸರ ಬಂದು ಹೋಗಿ ಹೋಗಿ ಎಂದು ಕೂಗಿದರೂ ಊಹೂಂ. ಅರ್ಧ ಗಂಟೆಯಾಯಿತು, ಆದರೆ ಆ ಮೂರು ವಾರಗಳಲ್ಲಿ ಚರಂಡಿಗೆ ಬೀಳದೆ ಬಯಲು ದಾಟಿದ ಬಂಡಿ ಅವರೊಬ್ಬರೇ.

"ನನ್ನ ಕಣ್ಣು ಕಟ್ಟಿದೆ ಸಾರ್," ಎಂದರು ಟವೆಲು ಬಿಚ್ಚುತ್ತಾ. "ಹೇಳೋರಿಗೆ ಕಾಣ್ತದೆ. ಅವ್ರು ಹೇಳದೆ ನಾನ್ಯಾಕೆ ಹೋಗ್ಲಿ?"

ಅವತ್ತಿನಿಂದ ಅವರಿಗೂ ಮಂಗಳದ ಹುಚ್ಚು ಹತ್ತಿತು. ಮಾದರಿಯ ನೆಲಕ್ಕೆಂದು ರಸ್ತೆ ಅಗೆದ ಕಡೆಯಿಂದ ಎರಡು ಚೀಲ ಕೆಂಪು ಮಣ್ಣು ಹೊತ್ತು ತಂದರು. ನನ್ನ ಫೋನಿನ ಚಿತ್ರ ನೋಡಿ, ಇದು ಜಂಬಿಟ್ಟಿಗೆ ಕಲ್ಲಿನಂತೆಯೇ ಇದೆ, ಆದರೆ ಇಷ್ಟು ಒಣ ಮಣ್ಣಿನಲ್ಲಿ ಹುಲ್ಲೂ ಬರುವುದಿಲ್ಲ ಎಂದು ತೀರ್ಪು ಹೇಳಿದರು. ಬಂಡಿಯನ್ನು ಕಳಿಸುವ ಮುಂಚೆ ನಮ್ಮ ಕಡೆಯ ಸೂಕ್ಷ್ಮಜೀವಿ ಒಂದೂ ಅಂಟಿರದಂತೆ ಸ್ವಚ್ಛ ಮಾಡುತ್ತಾರೆ ಎಂದರೆ ಅದು ಅವರಿಗೆ ಬಹಳ ಹಿಡಿಸಿತು. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ಒಂದು ವೇಳೆ ಅಲ್ಲಿ ಜೀವ ಸಿಕ್ತು ಅಂತಿಟ್ಕೊಳ್ಳಿ. ಎಂತ ಮಾಡ್ತಾರೆ ಅದನ್ನ?" ಎಂದು ಕೇಳಿದರು. ಅಧ್ಯಯನ ಮಾಡುತ್ತಾರೆ ಎಂದೆ. "ಮೊದ್ಲು ನೋಡ್ತಾರೆ. ಆಮೇಲೆ ಬೇಲಿ ಹಾಕ್ತಾರೆ, ಅಲ್ವಾ ಸಾರ್?" ಎಂದು ನಕ್ಕರು. ನಾನೂ ನಕ್ಕೆ.

ಆ ವರ್ಷ ದೀಪಾವಳಿ ಕಳೆದರೂ ಮಳೆ ಹೋಗಿರಲಿಲ್ಲ. ಗಿಡದಲ್ಲಿ ಹಣ್ಣು ಕೆಂಪಾಗಿ ಕೊಯ್ಲು ಶುರುವಾಗಿತ್ತು. ಕಣದಲ್ಲಿ ಹರಡಿದ ಕಾಫಿಗೆ ದಿನಕ್ಕೆರಡು ಸಲ ಟಾರ್ಪಾಲು ಹೊದಿಸುವುದು, ತೆಗೆಯುವುದು. ಆನೆಗಳ ಕಾಟವೂ ಹೆಚ್ಚಿತ್ತು. ಅವುಗಳ ಹಿಂದೆ ತಿರುಗುವ ಅರಣ್ಯ ಇಲಾಖೆಯ ತಂಡದವರು ಎಲ್ಲಿ ಎಷ್ಟು ಆನೆ ಇದೆ ಎಂದು ವಾಟ್ಸಾಪಿನಲ್ಲಿ ಹಾಕುತ್ತಿದ್ದರು. ಪಾಪ, ಅವರು ಹೊತ್ತಿಗೆ ಸರಿಯಾಗಿಯೇ ಹಾಕುತ್ತಿದ್ದರು. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಇರಲಿಲ್ಲ ಅಷ್ಟೆ. ಹಿಂದಿನ ದಿಬ್ಬದ ಮೇಲೊಂದು ಬಂಡೆಯಿದೆ, ಅದನ್ನು ಹತ್ತಿದರೆ ಮೆಸೇಜುಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ನಾಲ್ಕು ಗಂಟೆಗೆ ಒಬ್ಬ ಶಿಕ್ಷಕರು ಬಂಡೆ ಹತ್ತಿ, ಮೆಸೇಜು ನೋಡಿ, ಆನೆಯಿಲ್ಲ ಎಂದು ಖಾತ್ರಿಯಾದ ಮೇಲೆಯೇ ಮಕ್ಕಳನ್ನು ಬಿಡುವುದು ನಮ್ಮ ಶಾಲೆಯ ಪದ್ಧತಿ. ವಯಸ್ಸಿನಲ್ಲಿ ಚಿಕ್ಕವನೆಂದು ಆ ಕೆಲಸ ನನಗೇ ಇತ್ತು.

ಪ್ರದರ್ಶನಕ್ಕೆ ಎರಡು ದಿನವಿತ್ತು. ಚೈತ್ರಾ ತೀರ್ಪುಗಾರರ ಮುಂದೆ ಐದು ನಿಮಿಷ ಮಾತಾಡಬೇಕು. ಭಾಷಣ ನಾನು ಬರೆದದ್ದು, ಪ್ರಾಯದ ಮೇಷ್ಟ್ರು ಬರೆಯುವಂತೆಯೇ ಬರೆದಿದ್ದೆ. ಅದರ ಕೊನೆಯ ಸಾಲು "ಜೀವಾನುಕೂಲ ಪರಿಸರದ ಅನ್ವೇಷಣೆಯೇ ಮಾನವಕುಲದ ಮಹಾಸಾಹಸ" ಎಂದಿತ್ತು. ಆ ಹುಡುಗಿ ಜೀವಾನುಕೂಲದ ಹತ್ತಿರ ಬಂದಾಗಲೆಲ್ಲ ಎಡವುತ್ತಿದ್ದಳು. ಬಿಟ್ಟು ಬೇರೆ ಮಾತು ಹಾಕಬಹುದಿತ್ತು. ನನಗೆ ಹಟ. ನಾಳೆ ಐದೂವರೆಗೆ ಬನ್ನಿ, ಪ್ರಾಕ್ಟೀಸ್ ಇದೆ ಎಂದು ಹಿಂದಿನ ದಿನವೇ ಅಣ್ಣಪ್ಪನವರಿಗೆ ಹೇಳಿದ್ದೆ. ಅವರು ಒಮ್ಮೆ ಆಕಾಶ ನೋಡಿ, ಸ್ವಲ್ಪ ಕತ್ತಲಾಗ್ತದೆ ಎಂದಿದ್ದರು. ಎರಡೇ ದಿನ ಎಂದೆ. ಆಯ್ತು ಸಾರ್ ಎಂದರು. ನಾನು ಹೇಳಿದ್ದಕ್ಕೆ ಅವರು ಇಲ್ಲ ಎಂದದ್ದೇ ಇಲ್ಲ.

ಹಳ್ಳ ದಾಟಬೇಕಿಲ್ಲದ ಉಳಿದ ಮಕ್ಕಳನ್ನು ಮೂರೂವರೆಗೇ ಕಳಿಸಿದ್ದೆವು. ಲೈನಿನ ನಾಲ್ಕು ಮಕ್ಕಳು, ಹೆಡ್ ಮಿಸ್ಸು, ನಾನು ಉಳಿದಿದ್ದೆವು. ಫೋನು ಪ್ರಯೋಗಾಲಯದ ಡ್ರಾಯರಿನಲ್ಲಿತ್ತು. ನಾಲ್ಕು ಗಂಟೆಗೆ ಬಂಡೆ ಹತ್ತಲಿಲ್ಲ. ಇನ್ನೊಂದು ಸಲ ಹೇಳಿಸಿ ಹತ್ತೋಣ, ಇನ್ನೊಂದು ಸಲ ಹೇಳಿಸಿ ಹತ್ತೋಣ ಎಂದು ಹೊತ್ತು ಹೋಯಿತು. ಐದೂಕಾಲಿಗೆ ಹತ್ತಿದೆ. ಹತ್ತುವಾಗ ಏದುಸಿರಲ್ಲಿ ನಾನೂ ಜೀವಾನುಕೂಲ ಜೀವಾನುಕೂಲ ಎಂದು ಹೇಳಿಕೊಳ್ಳುತ್ತಿದ್ದೆ.

ಮೆಸೇಜು ಮೂರು ಐವತ್ತಕ್ಕೇ ಬಂದಿತ್ತು. ಒಂಟಿ ಸಲಗ, ನಮ್ಮ ಶಾಲೆಯ ಕೆಳಗಿನ ಹಳ್ಳದಲ್ಲಿದೆ, ಯಾರೂ ಆ ಕಡೆ ಓಡಾಡಬಾರದು ಎಂದಿತ್ತು. ಓದಿ ತಲೆಯೆತ್ತಿದೆ. ಮಳೆ ಬಿಟ್ಟು ಮಂಜು ಸರಿದಿತ್ತು, ಎದುರು ಗುಡ್ಡ ಅಂಗೈಯಲ್ಲಿದ್ದಂತೆ ಕಾಣುತ್ತಿತ್ತು. ಗುಡ್ಡದ ಅರ್ಧ ದಾರಿಯಲ್ಲಿ ಅಣ್ಣಪ್ಪ ಇಳಿದು ಬರುತ್ತಿದ್ದರು. ಕೆಳಗೆ ಸಂಕದ ಆಚೆ ಬದಿಯಲ್ಲಿ, ಬಿದಿರು ಮೆಳೆಯ ಹಿಂದೆ, ಆನೆಯ ಬೆನ್ನು ಕಂಡಿತು. ಮೇಲಿದ್ದ ನನಗೆ ಇಬ್ಬರೂ ಕಾಣುತ್ತಿದ್ದರು. ದಾರಿಯಲ್ಲಿದ್ದವರಿಗೆ ಮೆಳೆಯ ಹಿಂದಿನದು ಕಾಣುವಂತಿರಲಿಲ್ಲ.

ಗಂಟಲು ಹರಿಯುವಂತೆ ಕೂಗಿದೆ. ಹಳ್ಳ ತುಂಬಿ ಭೋರೆನ್ನುತ್ತಿತ್ತು, ನನ್ನ ಕೂಗು ನನಗೇ ಕೇಳಿಸಲಿಲ್ಲ. ಅವರ ಫೋನಿಗೆ ಮಾಡಿದೆ, ಸಿಗಲಿಲ್ಲ. ಜರ್ಕಿನ್ ಕಿತ್ತು ತೆಗೆದು ತಲೆಯ ಮೇಲೆ ಸುತ್ತಿ ಸುತ್ತಿ ಬೀಸಿದೆ. ಅಣ್ಣಪ್ಪ ನಿಂತರು. ನನ್ನ ಕಡೆ ನೋಡಿದರು. ಸದ್ಯ, ನೋಡಿದರು ಎಂದುಕೊಂಡೆ. ಆ ಒಂದು ಕ್ಷಣ ನನಗಾದ ಸಮಾಧಾನ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ. ಅವರು ಬೆನ್ನಿನ ಕೊಡೆ ತೆಗೆದು ಮೇಲೆತ್ತಿ ತೋರಿಸಿದರು, ಮತ್ತೆ ಬೇಗ ಬೇಗ ಇಳಿಯತೊಡಗಿದರು. ಅರ್ಥವಾಗಲಿಲ್ಲವೇನೋ ಎಂದು ಇನ್ನೂ ಜೋರಾಗಿ, ಬಂಡೆಯ ಮೇಲೆ ಕುಪ್ಪಳಿಸಿ ಬೀಸಿದೆ. ಅವರು ಓಡಿದರು. ಸಂಕದ ಮುಂದೆ ಒಂದು ದಿನವೂ ನಿಲ್ಲದೆ ಹೋಗದಿದ್ದ ಮನುಷ್ಯ, ಅವತ್ತು ನಿಲ್ಲಲಿಲ್ಲ.

ಮುಂದಿನದನ್ನು ನಾನು ನೋಡಿದೆ. ಅದನ್ನು ಬರೆಯುವುದಿಲ್ಲ.

ಬಿದ್ದು ಎದ್ದು ಹಳ್ಳಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ತೋಟದವರು ಡಬ್ಬ ಬಡಿದು ಪಟಾಕಿ ಹಚ್ಚಿ ಆನೆಯನ್ನು ಆಚೆ ಅಟ್ಟಿದ್ದರು. ಅಣ್ಣಪ್ಪನವರಿಗೆ ಜೀವವಿತ್ತು. ಕಂಬಳಿಯಲ್ಲಿ ಹೊತ್ತು ಜೀಪಿಗೆ ಹಾಕಿದರು. ಜೀಪು ಹೋದ ಮೇಲೆ ನಾನು ಶಾಲೆಗೆ ಮರಳಿದೆ. ಹೆಡ್ ಮಿಸ್ಸು ಬಾಗಿಲು ಹಾಕಿ ಮಕ್ಕಳನ್ನು ಒಳಗೆ ಕೂರಿಸಿಕೊಂಡಿದ್ದರು, ಅವರಿಗಿನ್ನೂ ಸುದ್ದಿ ಗೊತ್ತಿರಲಿಲ್ಲ. ಚೈತ್ರಾ ಗೋಡೆಗೆ ಮುಖ ಮಾಡಿ ನಿಂತು ಕೊನೆಯ ಸಾಲು ಬಾಯಿಪಾಠ ಮಾಡುತ್ತಿದ್ದಳು. ನನ್ನನ್ನು ನೋಡಿ, ಇನ್ನೂ ಬರುತ್ತಿಲ್ಲ ಸಾರ್ ಎಂದಳು.

ಮೂರು ದಿನ ಆಸ್ಪತ್ರೆಯ ಜಗಲಿಯಲ್ಲಿ ಕೂತೆ. ಎರಡನೆಯ ದಿನ ಅಣ್ಣಪ್ಪನವರಿಗೆ ಸ್ವಲ್ಪ ಪ್ರಜ್ಞೆ ಬಂದಿದೆ, ಮಾತಾಡಿದರು ಎಂದು ನರ್ಸ್ ಹೇಳಿದರು. ಒಳಗೆ ಹೋಗುವ ಧೈರ್ಯ ನನಗಾಗಲಿಲ್ಲ. ಗಿರಿಜಮ್ಮ ಹೊರಗೆ ಬಂದು ನನ್ನೆದುರು ನಿಂತರು. ಏನೋ ಕೇಳುವವರಂತೆ ಬಾಯಿ ತೆರೆದು, ಆಮೇಲೆ, ನೀವು ಏನಾದ್ರೂ ತಿಂದ್ಕೊಂಡು ಬನ್ನಿ ಸಾರ್ ಎಂದರು. ಗಂಡ ಆ ಸ್ಥಿತಿಯಲ್ಲಿರುವಾಗ ನನ್ನ ಊಟ ವಿಚಾರಿಸಿದರು. ಮೂರನೆಯ ದಿನ ಬೆಳಿಗ್ಗೆ ಅಣ್ಣಪ್ಪ ಹೋದರು. ಪ್ರದರ್ಶನಕ್ಕೆ ನಮ್ಮ ಶಾಲೆ ಹೋಗಲಿಲ್ಲ. ಕೆಂಪು ಮಣ್ಣಿನ ಮಾದರಿ ಜಗಲಿಯಲ್ಲೇ ಮಳೆಗೆ ನೆನೆದು ಕರಗಿತು.

ತಡಮಾಡಿ ಬಂಡೆ ಹತ್ತಿದೆ ಎಂಬ ಅಪರಾಧವೇ ನನಗೆ ಸಾಕಾಗಿತ್ತು. ಅದನ್ನು ನಾನು ಎಲ್ಲರಿಗೂ ಹೇಳಿದೆ, ಗಿರಿಜಮ್ಮನಿಗೂ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆದರೆ ಅದಕ್ಕಿಂತ ದೊಡ್ಡದು ಕಾದಿತ್ತು. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ರಸ್ತೆಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತೋಟದ ರೈಟರು, ಎಂದರೆ ಹಾಜರಿ ಬರೆಯುವವರು, ಪಕ್ಕದಲ್ಲಿದ್ದರು. ಹೊಸ ಮೇಸ್ತ್ರಿ ಈಚೆ ಇಳಿಜಾರಿನಲ್ಲಿ ನಿಂತು ತಲೆಯ ಟವೆಲು ಬಿಚ್ಚಿ ಮೇಲೆ ಸುತ್ತಿ ಸುತ್ತಿ ಬೀಸಿದ. ಆಚೆ ಗುಡ್ಡದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರಲ್ಲೊಬ್ಬಳು ಕೊಕ್ಕೆ ಮೇಲೆತ್ತಿ ತೋರಿಸಿದಳು. ಮತ್ತೆ ಎಲ್ಲರೂ ಚೀಲ ಎತ್ತಿಕೊಂಡು ಬಿರಬಿರನೆ ಇತ್ತ ಇಳಿದು ಬರತೊಡಗಿದರು. ಅದೇನು ಎಂದು ರೈಟರನ್ನು ಕೇಳಿದೆ.

"ಬನ್ನಿ ಅಂತ ಸಾರ್. ಬೇಗ ಬನ್ನಿ ಅಂತ. ಇಷ್ಟು ದೂರಕ್ಕೆ ಕೂಗಿದ್ರೆ ಎಲ್ಲಿ ಕೇಳ್ತದೆ?"

ನಿಲ್ಲಿ ಎನ್ನುವುದಾದರೆ ಏನು ಮಾಡುತ್ತಾರೆ ಎಂದೆ. ಅವರಿಗೆ ಇದು ಬೆಪ್ಪು ಪ್ರಶ್ನೆ ಅನ್ನಿಸಿರಬೇಕು. ಎರಡೂ ಕೈ ಅಗಲಿಸಿಕೊಂಡು ಅಲುಗಾಡದೆ ನಿಲ್ಲುವುದು, ನಿಂತವರನ್ನು ಕಂಡರೆ ಅವರೂ ನಿಲ್ಲುತ್ತಾರೆ ಎಂದರು.

ಒಂದೂವರೆ ವರ್ಷ ನಾನು ಆ ಗುಡ್ಡದ ಎದುರಿಗೇ ಇದ್ದೆ. ಮಂಗಳದಿಂದ ಒಂದು ಮಾತು ಬರಲು ಎಷ್ಟು ನಿಮಿಷ ಬೇಕೆಂದು ಗೊತ್ತಿತ್ತು. ಎದುರು ಗುಡ್ಡದವರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲ. ಅವತ್ತು ನಾನು ಏನೂ ಮಾಡದೆ ಕಲ್ಲಿನಂತೆ ನಿಂತಿದ್ದರೂ ಅಣ್ಣಪ್ಪ ತಮ್ಮ ಪಾಡಿಗೆ ನಿಧಾನ ಇಳಿದು, ಸಂಕದ ಮುಂದೆ ನಿಂತು, ಗಾಳಿ ಮೂಸಿ, ಆನೆಯಿದೆ ಎಂದು ತಿಳಿದು ಹಿಂದಕ್ಕೆ ಹೋಗುತ್ತಿದ್ದರು. ಕರೆದವನು ನಾನು. ನನ್ನ ಕರೆಗೆ ಓಡಿ ಬಂದು ಸತ್ತರು. ಮಾರ್ಚಿನಲ್ಲಿ ವರ್ಗಾವಣೆಗೆ ಅರ್ಜಿ ಹಾಕಿದೆ. ಊರು ಬಿಡುವಾಗ ಲೈನಿನ ಕಡೆ ಹೋಗಲಿಲ್ಲ.

ಈಗ ಹೋದೆ. ಗಿರಿಜಮ್ಮ ಜಗಲಿಯಲ್ಲಿ ಕೂತು ಮೆಣಸಿನ ತೆನೆ ಬಿಡಿಸುತ್ತಿದ್ದರು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. ಕೂರಲು ಚಾಪೆ ಹಾಸಿದರು, ಬೆಲ್ಲದ ಕಾಫಿ ಕೊಟ್ಟರು. ಚೈತ್ರಾ ಚಿಕ್ಕಮಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳಂತೆ. ಕಾಫಿ ಆರುತ್ತಿತ್ತು. ಗಿರಿಜಮ್ಮ, ಆ ದಿನದ್ದು ಒಂದು ಮಾತು ಹೇಳಬೇಕಿತ್ತು ಎಂದು ಶುರುಮಾಡಿದೆ.

"ನಂಗೂ ಒಂದು ಕೇಳೂದಿತ್ತು ಸಾರ್," ಎಂದರು ಅವರು. ಕೈಯ ತೆನೆ ಕೆಳಗಿಟ್ಟರು. "ಆಸ್ಪತ್ರೇಲಿ ಎರಡ್ನೇ ದಿವ್ಸ ಅವ್ರು ಮಾತಾಡಿದ್ರು. ಮೇಷ್ಟ್ರು ಬಂಡೆ ಮೇಲಿಂದ ಬೀಸಿ ಬೀಸಿ ಕರೀತಿದ್ರು, ಯಾಕೆ ಅಂತ ಕೇಳ್ಕೊಂಡು ಬಾ ಅಂದ್ರು. ನಾನು ಹೊರಗೆ ಬಂದೆ. ನಿಮ್ಮ ಮುಖ ನೋಡಿ ಕೇಳಕ್ಕೆ ಆಗ್ಲಿಲ್ಲ. ಒಳಗೆ ಹೋಗಿ, ಇಲ್ಲಿಲ್ಲ ಅವ್ರು ಅಂತ ಸುಳ್ಳು ಹೇಳ್ದೆ. ಯಾಕೆ ಕರೆದಿದ್ರಿ ಸಾರ್?"

ಕರೆದದ್ದಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮೂರು ವರ್ಷ ಹೊತ್ತು ತಂದದ್ದೇ ಅದನ್ನು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು, ಊರಿನಿಂದ ಬಂದ ಕಾಗದವನ್ನು ಯಾರಾದರೂ ಓದಿ ಹೇಳಲೆಂದು ಕೂತವರ ಹಾಗೆ. ನಿಮ್ಮ ಗಂಡ ಸತ್ತದ್ದು ನನಗೆ ಕೈ ಬೀಸಲು ಬಾರದ್ದಕ್ಕೆ ಎಂದು ಆ ಮುಖಕ್ಕೆ ಹೇಳಲು ನನ್ನಿಂದ ಆಗಲಿಲ್ಲ.

"ಚೈತ್ರಾ ಭಾಷಣ ಒಂದೂ ತಪ್ಪಿಲ್ಲದೆ ಹೇಳಿದ್ಲು," ಎಂದೆ. "ಅಪ್ಪನ ಎದುರಿಗೆ ಒಂದ್ಸಲ ಹೇಳಿಸೋಣ ಅಂತ ಕರೆದೆ."

ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಷ್ಟೋ ದಿನದ ಮೇಲೆ ನಕ್ಕಂತೆ ನಕ್ಕರು. "ಅವ್ರೂ ಅದನ್ನೇ ಅಂದಿದ್ರು ಸಾರ್. ಮಗಳದ್ದೇ ಎಂತದೋ ಒಳ್ಳೇದಿರ್ಬೇಕು, ಇಲ್ದಿದ್ರೆ ಮೇಷ್ಟ್ರು ಹಾಗೆ ಕುಣಿದು ಕುಣಿದು ಕರೀತಿರ್ಲಿಲ್ಲ ಅಂತ."

ಇದನ್ನು ಚೈತ್ರಾಳಿಗೆ ಈಗಲೇ ಹೇಳಬೇಕು ಎಂದು ಫೋನು ತೆಗೆದುಕೊಂಡರು. ಬೇಡ ಎನ್ನಲು ನನಗೆ ಒಂದು ನೆಪವೂ ಹೊಳೆಯಲಿಲ್ಲ. ಅತ್ತ ಅವಳು ಎತ್ತಿದಳು. ನಾನು ಬಂದದ್ದು, ಹೇಳಿದ್ದು, ಅಪ್ಪನನ್ನು ಕರೆದದ್ದು ಯಾಕೆಂದು ಈಗ ಗೊತ್ತಾದದ್ದು, ಎಲ್ಲವನ್ನೂ ಗಿರಿಜಮ್ಮ ಒಂದೇ ಉಸಿರಿಗೆ ಹೇಳಿದರು. ಆಮೇಲೆ, ನಿಮ್ಮ ಹತ್ರ ಮಾತಾಡ್ಬೇಕಂತೆ ಎಂದು ಫೋನನ್ನು ನನ್ನ ಕೈಗೆ ಕೊಟ್ಟು ಎದುರಿಗೇ ನಗುತ್ತಾ ಕೂತರು.

"ಸಾರ್, ಆ ದಿನ ನಂಗೆ ಕೊನೇ ಸಾಲು ಬಂದೇ ಇರ್ಲಿಲ್ಲ," ಎಂದಳು ಚೈತ್ರಾ.

ಹೌದು ಎಂದೆ.

"ಅಮ್ಮಂಗೆ ಹೇಳ್ಬೇಡಿ ಸಾರ್."